ಹಳೇ ಯುದ್ಧ ಕಾಮಿಕ್ಸ್‌ನ ಚುಕ್ಕಿ ಬಣ್ಣ, ನಿಮ್ಮ ಕಂಪ್ಯೂಟರಿನಲ್ಲಿ

ಅಮೆರಿಕದ ಡಿಸಿ ಕಾಮಿಕ್ಸ್‌ನಲ್ಲಿ 1959ರಲ್ಲಿ ಹುಟ್ಟಿದ ಸೈನಿಕ ನಾಯಕ ಸಾರ್ಜೆಂಟ್ ರಾಕ್‌ನ ಹಳೇ ಸಂಚಿಕೆ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಅವನ ಕೆನ್ನೆಯ ಮೇಲಿರುವುದು ಬರೀ ಹಳದಿ, ಮಜೆಂಟಾ (ಗುಲಾಬಿಗೆಂಪು) ಚುಕ್ಕಿಗಳು. ಅದೇ ಚುಕ್ಕಿ ಬೇಕೆಂದು ಹಲವರು ಬಣ್ಣ ತುಂಬಿದ ಚಿತ್ರದ ಮೇಲೆ ಕೊನೆಗೊಂದು ಹಾಫ್‌ಟೋನ್ ಫಿಲ್ಟರ್, ಅಂದರೆ ಚಿತ್ರವನ್ನು ಚುಕ್ಕಿಯಾಗಿಸುವ ಫಿಲ್ಟರ್, ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಗ ಕಪ್ಪು ಗೆರೆಯೂ ಪುಡಿಯಾಗುತ್ತದೆ. ಆ ಕಾಲದ ಅಚ್ಚಿನಲ್ಲಿ ಚುಕ್ಕಿ ಬಣ್ಣಕ್ಕೆ ಮಾತ್ರ, ಗೆರೆ ಗಟ್ಟಿ ಕಪ್ಪು.

ಹಾಗಾಗಿ ಮೊದಲು ಗೆರೆ. 600 ಡಿಪಿಐನಲ್ಲಿ (ಇಂಚಿಗೆ 600 ಪಿಕ್ಸೆಲ್), ಪ್ರತ್ಯೇಕ ಲೇಯರ್‌ನಲ್ಲಿ (ಪದರದಲ್ಲಿ) ಬಿಡಿಸಿ. ಗೆರೆಯ ಲೇಯರ್‌ನಲ್ಲಿ ಬೂದು ಬಣ್ಣ ಮುಟ್ಟಲೇಬೇಡಿ. ನೆರಳು, ಹೊಗೆ, ಕೆಸರು ಎಲ್ಲವೂ ಒಣ ಕುಂಚದ ಗೀಚಿನಲ್ಲೇ ಬರಲಿ. ಸಾರ್ಜೆಂಟ್ ರಾಕ್‌ನನ್ನು ವರ್ಷಗಟ್ಟಲೆ ಚಿತ್ರಿಸಿದ ಕಲಾವಿದ ಜೋ ಕ್ಯೂಬರ್ಟ್ ಅವರ ಪುಟಗಳಲ್ಲಿ ಅರ್ಧ ಯುದ್ಧ ನಡೆಯುವುದು ಈ ಕಪ್ಪಿನಲ್ಲೇ. ಆಗಿನವರು ಅಚ್ಚಿನ ಅಳತೆಗಿಂತ ಸುಮಾರು ಎರಡು ಪಟ್ಟು ದೊಡ್ಡದಾಗಿ ಬರೆಯುತ್ತಿದ್ದರು. ನೀವೂ ದೊಡ್ಡದಾಗಿ ಬರೆದು ಕುಗ್ಗಿಸಿದರೆ ಗೆರೆ ಬಿಗಿಯಾಗುತ್ತದೆ.

ಈಗ ಬಣ್ಣ. ಸಯಾನ್ (ಹಸಿರುಛಾಯೆಯ ನೀಲಿ), ಮಜೆಂಟಾ, ಹಳದಿ ಮೂರಕ್ಕೂ ಒಂದೊಂದು ಲೇಯರ್. ಪ್ರತಿಯೊಂದರಲ್ಲೂ 25, 50, 100 ಶೇಕಡಾ, ಇಲ್ಲವೇ ಖಾಲಿ. ಒಟ್ಟು 64 ಬಣ್ಣ, ಅಷ್ಟೇ. ಈ ಬಡತನವೇ ಆ ಪುಟಗಳ ಚೆಲುವು, 65ನೆಯದಕ್ಕೆ ಆಸೆಪಡಬೇಡಿ. ಬಿಳಿಯ ಸೈನಿಕರ ಮೈಬಣ್ಣಕ್ಕೆ ಹಳದಿ 25, ಮಜೆಂಟಾ 25. ಸಮವಸ್ತ್ರದ ಮಂಕು ಹಸಿರಿಗೆ ಹಳದಿ 100, ಉಳಿದೆರಡೂ 50.

ಮೂರೂ ಲೇಯರ್‌ಗಳನ್ನು ಸದ್ಯಕ್ಕೆ ಬಣ್ಣದ ಬದಲು ಅಷ್ಟೇ ಶೇಕಡಾದ ಬೂದು ಛಾಯೆಯಲ್ಲಿ ತುಂಬಿ, ಬೇರೆಬೇರೆಯಾಗಿ ಚುಕ್ಕಿಯಾಗಿಸಿ. ಉಚಿತವಾಗಿ ಸಿಗುವ ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಇದಕ್ಕೆ ನ್ಯೂಸ್‌ಪ್ರಿಂಟ್ ಫಿಲ್ಟರ್ ಇದೆ. ಇಂಚಿಗೆ 65 ಸಾಲು ಚುಕ್ಕಿ ಸಾಕು, ಅಂದರೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 9 ಪಿಕ್ಸೆಲ್. ಕೋನ ಬೇರೆಬೇರೆ ಇರಬೇಕು: ಸಯಾನ್ 15, ಮಜೆಂಟಾ 75, ಹಳದಿ 0 ಡಿಗ್ರಿ. ಕೋನ ಒಂದೇ ಆದರೆ ಚುಕ್ಕಿಗಳು ಒಂದರ ಮೇಲೊಂದು ಕೂತು ಬಣ್ಣ ಕೆಡುತ್ತದೆ. ನಂತರ ಕಪ್ಪು ಚುಕ್ಕಿಗಳಿಗೆ ಆಯಾ ಶಾಯಿಯ ಬಣ್ಣ ಕೊಟ್ಟು, ಲೇಯರ್‌ಗಳನ್ನು ಮಲ್ಟಿಪ್ಲೈಗೆ (ಬಣ್ಣಗಳು ಶಾಯಿಯಂತೆ ಒಂದರೊಳಗೊಂದು ಬೆರೆಯುವ ಆಯ್ಕೆ) ಹಾಕಿ.

ಇನ್ನು ತುಂಟತನ. ಮಜೆಂಟಾ ಲೇಯರನ್ನು ನಾಲ್ಕೈದು ಪಿಕ್ಸೆಲ್ ಸರಿಸಿ; ಹೆಲ್ಮೆಟ್ಟಿನ ಅಂಚಿನಿಂದ ಬಣ್ಣ ತುಸು ಹೊರಚೆಲ್ಲಲಿ. ಎಲ್ಲ ಲೇಯರ್‌ಗಳ ಕೆಳಗೆ ಮಾಸಿದ ನ್ಯೂಸ್‌ಪ್ರಿಂಟ್ ಕಾಗದದ ಸ್ಕ್ಯಾನ್ ಇಡಿ. ಸುಕ್ಕು, ಚಹಾ ಕಲೆ, ಹರಿದ ಮೂಲೆ ಎಲ್ಲ ಸೇರಿಸುವ ಚಪಲ ನನಗೂ ಇತ್ತು. ಆದರೆ ಹಾಗೆ ಮಾಡಿದರೆ ನೋಡುವವರು ಚಹಾ ಕಲೆಯನ್ನೇ ನೋಡುತ್ತಾರೆ, ಸೈನಿಕನನ್ನಲ್ಲ.

ಮೊಬೈಲಿಗೆ ಕಳಿಸಲು ಮುಗಿದ ಚಿತ್ರವನ್ನೇ ಕುಗ್ಗಿಸಿದರೆ ಚುಕ್ಕಿಗಳು ಕಲಸಿ ಅಲೆಅಲೆಯಾಗುತ್ತವೆ. ಮೊದಲು ಕುಗ್ಗಿಸಿ, ಆಮೇಲೆ ಚುಕ್ಕಿ ಹಾಕಿ.