ಡಿಕ್ಕಿ ಬಾಗಿಲು ನಿಲ್ಲುತ್ತಿಲ್ಲವೇ? ಗ್ಯಾಸ್ ಶಾಕರ್ ಪರೀಕ್ಷೆ, ಆಯ್ಕೆ, ಬದಲಾವಣೆ

ಆಫ್‌ರೋಡ್ ಗಾಡಿಯ ಹಿಂದೆ ನಿಂತು ಸಾಮಾನು ಇಳಿಸುವಾಗ ತಲೆಯ ಮೇಲೆ ಭಾರದ ಬಾಗಿಲೊಂದು ತೂಗುತ್ತಿರುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಪೆನ್ಸಿಲಿನಷ್ಟು ದಪ್ಪದ ಎರಡು ಸರಳು, ಕೊಳವೆಯೊಳಗೆ ಒತ್ತಿ ತುಂಬಿದ ನೈಟ್ರೋಜನ್, ಅಷ್ಟೇ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇದಕ್ಕೆ ಡಿಕ್ಕಿ ಶಾಕರ್ ಎನ್ನುತ್ತಾರೆ. ಕಂಪನಿ ಬಿಲ್ಲಿನಲ್ಲಿ ಗ್ಯಾಸ್ ಸ್ಟ್ರಟ್ ಅಥವಾ ಬ್ಯಾಕ್ ಡೋರ್ ಸ್ಟೇ ಎಂದಿರುತ್ತದೆ. ಇದು ಕೆಡುವಾಗ ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಹಾಗಾಗಿ ನಾವೇ ಗಮನಿಸಬೇಕು.

ಮೊದಲು ನಿಮ್ಮ ಗಾಡಿಯದು ಯಾವ ಬಗೆ ಎಂದು ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಇಡೀ ಬಾಗಿಲು ಮೇಲಕ್ಕೆ ಏಳುತ್ತದೆ, ಪೂರ್ತಿ ಭಾರ ಶಾಕರ್ ಮೇಲೆಯೇ. ಥಾರ್ ಹಾರ್ಡ್‌ಟಾಪಿನಲ್ಲಿ ಗಾಜು ಮಾತ್ರ ಮೇಲಕ್ಕೆ ಏಳುತ್ತದೆ, ಸ್ಟೆಪ್ನಿ ಹೊತ್ತ ಕೆಳಗಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಜಿಮ್ನಿ, ಬೊಲೆರೊಗಳಲ್ಲಿ ಪೂರ್ತಿ ಬಾಗಿಲೇ ಪಕ್ಕಕ್ಕೆ. ಬಟನ್ ಒತ್ತಿದರೆ ತಾನಾಗಿ ಏಳುವ ಪವರ್ ಬಾಗಿಲಿನ ಕಥೆ ಬೇರೆ. ನೋಡಲು ಶಾಕರ್ ತರಹವೇ ಇದ್ದು ವೈರ್ ಹೊಕ್ಕಿದ್ದರೆ, ಅದರೊಳಗೆ ಮೋಟಾರು ಮತ್ತು ಸ್ಕ್ರೂ ಇರುತ್ತದೆ. ಆ ಜಾಗಕ್ಕೆ ಮಾಮೂಲಿ ಗ್ಯಾಸ್ ಶಾಕರ್ ಹಾಕಬೇಡಿ.

ಒಳಗೇನಿದೆ ಎಂದು ತಿಳಿದಿದ್ದರೆ ಉಳಿದದ್ದೆಲ್ಲ ಸುಲಭ. ಕೊಳವೆಯೊಳಗಿನ ಪಿಸ್ಟನ್ನಿನಲ್ಲಿ ಸಣ್ಣ ತೂತಿರುವುದರಿಂದ ಗ್ಯಾಸ್ ಎರಡೂ ಕಡೆ ಓಡಾಡುತ್ತದೆ. ಸರಳನ್ನು ಹೊರಗೆ ತಳ್ಳುವುದು, ಸರಳಿನ ದಪ್ಪದಷ್ಟು ಜಾಗದ ಮೇಲೆ ಬೀಳುವ ಒತ್ತಡ. 8 ಮಿ.ಮೀ. ಸರಳಿನ ಶಾಕರ್ 600 ನ್ಯೂಟನ್ ಬಲ ಕೊಡಬೇಕಾದರೆ ಒಳಗೆ ಸುಮಾರು 120 ಬಾರ್ ಒತ್ತಡ ಬೇಕು. ಟೈರಿನ 32 ಪಿಎಸ್‌ಐ ಎಂದರೆ ಬರೀ 2.2 ಬಾರ್, ಇದು ಅದರ 50 ಪಟ್ಟಿಗಿಂತ ಹೆಚ್ಚು. ಇಷ್ಟನ್ನೂ ತಡೆದಿರುವುದು ಸರಳು ಹೊರಬರುವ ಬಾಯಲ್ಲಿರುವ ಒಂದು ರಬ್ಬರ್ ಸೀಲ್. ಜೊತೆಗೆ ಸ್ವಲ್ಪ ಎಣ್ಣೆಯೂ ಒಳಗಿರುತ್ತದೆ. ಸೀಲನ್ನು ಒದ್ದೆಯಾಗಿಡುವುದು, ಬಾಗಿಲು ತುದಿ ಮುಟ್ಟುವಾಗ ಧಡಾರನೆ ಹೊಡೆಯದಂತೆ ನಿಧಾನಿಸುವುದು ಆ ಎಣ್ಣೆಯ ಕೆಲಸ.

ಕೆಟ್ಟಿರುವುದು ಶಾಕರೇ ಹೌದೇ?

ಬಾಗಿಲು ಪೂರ್ತಿ ತೆರೆದಾಗ ನಿಂತು, ಒಂದು ಗೇಣು ಇಳಿಸಿದರೆ ತಾನೇ ಬೀಳುತ್ತಿದ್ದರೆ ಗ್ಯಾಸ್ ಕಡಿಮೆಯಾಗಿದೆ. ಎತ್ತುವಾಗ ಕೊನೆಯಲ್ಲಿ ಟಪ್ ಎಂದು ಹೊಡೆಯುತ್ತಿದ್ದರೆ ಎಣ್ಣೆ ಸೋರಿದೆ. ಸರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡಿ: ತೆಳುವಾದ ಜಿಡ್ಡು ಸಹಜ, ಕಪ್ಪಗೆ ಹರಿದ ಎಣ್ಣೆ ಬಂದರೆ ಸೀಲ್ ಹೋಗಿದೆ. ಉಗುರಿನಿಂದ ಸರಳಿನ ಉದ್ದಕ್ಕೂ ಸವರಿ. ಉಗುರು ತಡೆಯುವಷ್ಟು ಗೀರು ಅಥವಾ ತುಕ್ಕಿನ ಚುಕ್ಕೆ ಇದ್ದರೆ, ಶಾಕರ್ ಇವತ್ತು ಸರಿಯಿದ್ದರೂ ಹೆಚ್ಚು ದಿನ ಬಾಳುವುದಿಲ್ಲ.

ಚಳಿಗಾಲದ ಬೆಳಗ್ಗೆ ಮಾತ್ರ ಬಾಗಿಲು ಜಾರುತ್ತದೆ ಎನ್ನುವವರು ತುಂಬ ಮಂದಿ. ಅದಕ್ಕೆ ಕಾರಣವಿದೆ. 20 ಡಿಗ್ರಿಯಲ್ಲಿ 600 ನ್ಯೂಟನ್ ಕೊಡುವ ಶಾಕರ್, 10 ಡಿಗ್ರಿಯ ಮಡಿಕೇರಿ ಚಳಿಯಲ್ಲಿ 580 ಕೊಡುತ್ತದೆ, 42 ಡಿಗ್ರಿಯ ರಾಯಚೂರು ಬಿಸಿಲಿನಲ್ಲಿ 645. ಹೊಸ ಶಾಕರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಚಳಿಯಲ್ಲಿ ಸೋಲುತ್ತಿದೆ ಎಂದರೆ ಅಂಚಿಗೆ ಬಂದು ನಿಂತಿದೆ ಎಂದರ್ಥ.

ಶಾಕರ್ ಚೆನ್ನಾಗಿಯೇ ಇದ್ದು ಬಾಗಿಲು ಬೀಳುವುದೂ ಉಂಟು. ಬಾಲ್ ಸ್ಟಡ್ (ಶಾಕರಿನ ತುದಿ ಸಿಕ್ಕಿಸುವ ಗುಂಡುತಲೆಯ ಬೋಲ್ಟ್) ಕೂತಿರುವ ಬ್ರಾಕೆಟ್ ಬಾಗಿರಬಹುದು, ತಗಡು ಬಿರುಕು ಬಿಟ್ಟಿರಬಹುದು, ಆ ಬಾಲನ್ನು ಹಿಡಿಯುವ ಶಾಕರ್ ತುದಿಯ ಬಟ್ಟಲಿನ, ಅಂದರೆ ಕಪ್ಪಿನ, ಕ್ಲಿಪ್ ಕಳಚಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲಿಗೆ ಮಡಚುವ ಮೇಜು, ಏಣಿ, ಜೆರ್ರಿಕ್ಯಾನ್ ಏನಾದರೂ ಸೇರಿಸಿದ್ದೀರಾ ನೆನಪು ಮಾಡಿಕೊಳ್ಳಿ. ಆಗ ಕೆಟ್ಟಿರುವುದು ಲೆಕ್ಕ, ಶಾಕರ್ ಅಲ್ಲ.

ಅನುಮಾನ ಉಳಿದರೆ ಶಾಕರ್ ಬಿಚ್ಚಿ (ಕ್ರಮ ಕೆಳಗಿದೆ) ತೂಗಿ. ಮನೆಯಲ್ಲಿ ಮೈತೂಕ ನೋಡುವ ಮುಳ್ಳಿನ ಯಂತ್ರ ಸಾಕು. ಡಿಜಿಟಲ್ ಬೇಡ, ಅದು ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಮರದ ತುಂಡಿಗೆ ಸಣ್ಣ ಗುಳಿ ಮಾಡಿ ಯಂತ್ರದ ಮೇಲಿಡಿ, ಸರಳಿನ ತುದಿಯನ್ನು ಆ ಗುಳಿಯಲ್ಲಿಟ್ಟು ಕೊಳವೆಯನ್ನು ನೇರ ಕೆಳಕ್ಕೆ ಒತ್ತಿ. ಇನ್ನೊಬ್ಬರು ಪಕ್ಕದಲ್ಲಿ ಹಿಡಿದಿರಲಿ, ಜಾರಿದರೆ ಚಿಮ್ಮುತ್ತದೆ. ಒತ್ತುವಾಗ ಕಾಣುವ ಅಂಕಿ ನಂಬಬೇಡಿ, ಸೀಲಿನ ಉಜ್ಜಾಟವೂ ಅದರಲ್ಲಿ ಸೇರಿರುತ್ತದೆ. ಒತ್ತಿ, ನಿಧಾನವಾಗಿ ಬಿಡುತ್ತಾ, ಸರಳು ಪೂರ್ತಿ ಹೊರಬರಲು ಇನ್ನು 5 ಮಿ.ಮೀ. ಇರುವಾಗ ಮುಳ್ಳು ಎಲ್ಲಿದೆ ನೋಡಿ. ಕೆ.ಜಿ.ಯನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಸಿಗುತ್ತದೆ. 600 ನ್ಯೂಟನ್ ಶಾಕರ್ 61 ಕೆ.ಜಿ. ಹತ್ತಿರ ತೋರಿಸಬೇಕು. 50ಕ್ಕಿಂತ ಕೆಳಗಿದ್ದರೆ ಬದಲಿಸಿ.

ಎಷ್ಟು ನ್ಯೂಟನ್ನಿನದು ಬೇಕು

ಗಾಡಿ ಕಂಪನಿಯಿಂದ ಬಂದಂತೆಯೇ ಇದ್ದರೆ ಯೋಚನೆಯೇ ಬೇಡ, ಹಳೆಯ ಕೊಳವೆಯ ಮೇಲಿರುವ ಪಾರ್ಟ್ ನಂಬರ್ ಮತ್ತು ನ್ಯೂಟನ್ ಅಂಕಿ ನೋಡಿ ಅದನ್ನೇ ತನ್ನಿ. ಅಕ್ಷರ ಅಳಿಸಿಹೋಗಿದ್ದರೆ ಈ ಅಳತೆಗಳನ್ನು ಬರೆದುಕೊಂಡು ಹೋಗಿ: ಪೂರ್ತಿ ಚಾಚಿದಾಗ ಒಂದು ಕಪ್ಪಿನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ಉದ್ದ, ಹೊರಗೆ ಕಾಣುವ ಸರಳಿನ ಉದ್ದ, ಸರಳಿನ ಮತ್ತು ಕೊಳವೆಯ ದಪ್ಪ, ಬಾಲಿನ ವ್ಯಾಸ. ಬಾಲ್ ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಇರುತ್ತದೆ, ಕಣ್ಣಳತೆಗೆ ಸಿಗುವುದಿಲ್ಲ, ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ. 8ರ ಬಾಲಿಗೆ 10ರ ಕಪ್ಪು ಕೂತಂತೆ ಕಂಡು, ಮೊದಲ ಹಳ್ಳದಲ್ಲೇ ಕಳಚಿಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಂಥ ಸ್ಪೇರ್ ಪಾರ್ಟ್ಸ್ ಬೀದಿಗೆ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಗುಜರಿಯ ಶಾಕರ್ ಮಾತ್ರ ಬೇಡ. ಎಷ್ಟು ಗ್ಯಾಸ್ ಉಳಿದಿದೆ ಎಂದು ಹೊರಗಿನಿಂದ ಹೇಳಲಾಗದು.

ಬಾಗಿಲಿಗೆ ಭಾರ ಸೇರಿಸಿದ್ದರೆ ಲೆಕ್ಕ ಹಾಕಲೇಬೇಕು. ಎರಡೂ ಶಾಕರ್ ಬಿಚ್ಚಿ, ಇಬ್ಬರು ಸೇರಿ ಬಾಗಿಲನ್ನು ನೆಲಕ್ಕೆ ಸಮವಾಗಿ ಹಿಡಿಯಿರಿ. ಹಿಡಿಕೆಗೆ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ನೇರ ಮೇಲಕ್ಕೆ ಎಳೆದು, ಬಾಗಿಲಿನ ಭಾರವನ್ನೆಲ್ಲ ತಕ್ಕಡಿಗೇ ಬಿಡಿ. ಹಿಂಜಿನಿಂದ (ಬಾಗಿಲಿನ ಕೀಲು) 1 ಮೀಟರ್ ದೂರದಲ್ಲಿ 15 ಕೆ.ಜಿ. ತೋರಿಸಿತು ಎನ್ನೋಣ. 15 × 9.8 × 1 ಎಂದರೆ 147 ನ್ಯೂಟನ್-ಮೀಟರ್. ಈಗ ಎರಡು ಬಾಲ್ ಸ್ಟಡ್‌ಗಳ ನಡುವೆ ಶಾಕರ್ ಇರುವ ದಾರಿಯಲ್ಲೇ ದಾರ ಎಳೆದು ಹಿಡಿಯಿರಿ. ಹಿಂಜಿನ ಪಿನ್ನಿನಿಂದ ಆ ದಾರಕ್ಕೆ ಲಂಬವಾಗಿ ಎಷ್ಟು ದೂರ ಎಂದು ಅಳೆಯಿರಿ. 15 ಸೆಂ.ಮೀ. ಬಂದರೆ, 147ನ್ನು 0.15ರಿಂದ ಭಾಗಿಸಿ: 980 ನ್ಯೂಟನ್. ಎರಡು ಶಾಕರಿಗೆ ಹಂಚಿದರೆ ತಲಾ 490. ಅದರ ಮೇಲೆ ಶೇ 20ರಷ್ಟು ಹೆಚ್ಚುವರಿ ಬಲ ಇಟ್ಟುಕೊಂಡರೆ 590, ಸಿಗುವುದು 600ರದ್ದು.

ಈ ಬಾಗಿಲಿಗೆ ಹಿಂಜಿನಿಂದ 60 ಸೆಂ.ಮೀ. ದೂರದಲ್ಲಿ 5 ಕೆ.ಜಿ. ಮೇಜು ಕೂರಿಸಿದರೆ ಪ್ರತಿ ಶಾಕರಿಗೆ ಇನ್ನೂ 100 ನ್ಯೂಟನ್ ಬೇಕಾಗುತ್ತದೆ. ಕೇವಲ 5 ಕೆ.ಜಿ.ಗೆ ಇಷ್ಟೇಕೆ ಎಂದರೆ, ಭಾರ ಹಿಂಜಿನಿಂದ ದೂರ ಕೂತಿದೆ, ಶಾಕರ್ ಹತ್ತಿರದಿಂದ ತಳ್ಳುತ್ತಿದೆ. ನಾಲ್ಕು ಪಟ್ಟು ವ್ಯತ್ಯಾಸ. ಭಾರ ಕೂರಿಸುವುದೇ ಆದರೆ ಆದಷ್ಟೂ ಹಿಂಜಿನ ಹತ್ತಿರ ಕೂರಿಸಿ.

ಹಾಗೆಂದು “ಇರಲಿ ಬಿಡಿ, ಸ್ಟ್ರಾಂಗ್ ಆಗಿಯೇ ಇರಲಿ” ಎಂದು 800ರದ್ದು ತರಬೇಡಿ. ಲಾಕ್ ತೆಗೆದೊಡನೆ ಬಾಗಿಲು ಮುಖಕ್ಕೆ ಬರುತ್ತದೆ, ಮುಚ್ಚಲು ಜೋತು ಬೀಳಬೇಕಾಗುತ್ತದೆ. ಮುಚ್ಚಿದಾಗಲೂ ಶಾಕರ್ ತಳ್ಳುತ್ತಲೇ ಇರುವುದರಿಂದ ಬ್ರಾಕೆಟ್ ಬಳಿ ತಗಡು ಉಬ್ಬಿ, ಹಿಂಜಿನ ಬುಡದಲ್ಲಿ ಪೇಂಟ್ ಕೂದಲೆಳೆಯಂತೆ ಬಿರಿಯುತ್ತದೆ. ಅಲ್ಲಿಂದ ಮುಂದೆ ಅದು ಟಿಂಕರಿಂಗ್ ಕೆಲಸ, ಶಾಕರಿನ ಎಷ್ಟೋ ಪಟ್ಟು ಖರ್ಚು.

ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು, ಒಂದು ಸೋತದ್ದು ಇದ್ದರೆ ಬಾಗಿಲು ತಿರುಚಿಕೊಳ್ಳುತ್ತದೆ, ಲಾಕು ಒಂದು ಕಡೆಗೆ ಉಜ್ಜತೊಡಗುತ್ತದೆ.

ಬದಲಿಸುವ ಕ್ರಮ

ಬೇಕಾದದ್ದು: ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರ್, 10, 12, 13ರ ಸ್ಪ್ಯಾನರ್, ಬನಿಯನ್ ವೇಸ್ಟ್, ಚಿಟಿಕೆ ಗ್ರೀಸ್, ಒಂದು ಗಟ್ಟಿ ಮರದ ರೀಪು, ಜೊತೆಗೆ ಇನ್ನೊಬ್ಬರು. ಅರ್ಧ ಗಂಟೆಯ ಕೆಲಸ.

ಗಾಡಿಯನ್ನು ಸಮತಟ್ಟು ನೆಲದಲ್ಲಿ, ಗಾಳಿ ಬೀಸದ ಮರೆಯಲ್ಲಿ ನಿಲ್ಲಿಸಿ. ಬಾಗಿಲು ಪೂರ್ತಿ ಎತ್ತಿ, ಅದಕ್ಕಿಂತ ಒಂದು ಬೆರಳು ಹೆಚ್ಚೇ ತಳ್ಳಿ ಹಿಡಿದು ರೀಪಿನ ಊರುಗೋಲು ಕೊಡಿ. ರೀಪಿನ ಎರಡೂ ತುದಿಗೆ ಬಟ್ಟೆ ಸುತ್ತಿರಲಿ, ಕೆಳತುದಿ ಲಾಕಿನ ಬಳಿಯ ಗಟ್ಟಿ ಅಂಚಿನಲ್ಲಿ ನಿಲ್ಲಲಿ, ಪ್ಲಾಸ್ಟಿಕ್ ಟ್ರಿಮ್ ಮೇಲೆ ಬೇಡ. ಶಾಕರ್ ಕೈಯಲ್ಲಿ ಅಲುಗಾಡಿಸಿದರೆ ಸಡಿಲವಾಗಿರಬೇಕು. ಬಿಗಿಯಾಗಿದ್ದರೆ ಭಾರ ಇನ್ನೂ ಅದರ ಮೇಲೆಯೇ ಇದೆ, ಆಗ ಕ್ಲಿಪ್ಪಿಗೆ ಕೈ ಹಾಕಬೇಡಿ.

ಕಪ್ಪಿನ ಹಿಂದೆ ತೆಳು ಉಕ್ಕಿನ ಕ್ಲಿಪ್ ಇರುತ್ತದೆ. ಸ್ಕ್ರೂಡ್ರೈವರ್ ತುದಿ ಅದರಡಿ ತೂರಿಸಿ 3–4 ಮಿ.ಮೀ. ಎತ್ತಿದರೆ ಸಾಕು, ಕಪ್ಪು ಬಾಲಿನಿಂದ ಹೊರಬರುತ್ತದೆ. ಕ್ಲಿಪ್ಪನ್ನು ಪೂರ್ತಿ ಕಿತ್ತರೆ ಹಾರಿಹೋಗಿ ಹುಲ್ಲಿನಲ್ಲಿ ಹುಡುಕಬೇಕಾಗುತ್ತದೆ. ಕೆಲವದರಲ್ಲಿ ಕ್ಲಿಪ್ ಬದಲು ಅಡ್ಡ ತೂರಿದ ತಂತಿ ಇರುತ್ತದೆ, ಅದನ್ನು ಎಳೆದು ತೆಗೆಯಬೇಕು. ಇನ್ನು ಕೆಲವದರಲ್ಲಿ ಕಪ್ಪು ಬಿಡುವುದೇ ಇಲ್ಲ, ಸ್ಟಡ್ಡಿನ ಬುಡಕ್ಕೇ ಸ್ಪ್ಯಾನರ್ ಹಾಕಿ ಬಿಚ್ಚಬೇಕು. ಒಂದು ಕಡೆ ಹೊಸದು ಕೂರಿಸಿದ ಮೇಲೆಯೇ ಇನ್ನೊಂದು ಕಡೆಗೆ ಹೋಗಿ.

ಬಾಲನ್ನು ಒರೆಸಿ. ಮಣ್ಣು ಗ್ರೀಸಿನೊಂದಿಗೆ ಸೇರಿ ಅರದಂತೆ ತೇಯ್ದು ಬಾಲ್ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಸ್ಟಡ್ಡನ್ನೂ ಬದಲಿಸಿ. ಸರಿಯಿದ್ದರೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಹೊಸ ಶಾಕರನ್ನು ಹಳೆಯದು ಯಾವ ದಿಕ್ಕಿಗಿತ್ತೋ ಹಾಗೆಯೇ ಇಡಿ. ಬಾಗಿಲು ಮುಚ್ಚಿದಾಗ ಸರಳು ಕೆಳಮುಖವಾಗಿರಬೇಕು. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ತಲೆಕೆಳಗಾಗಿ ಹಾಕಿದ ಶಾಕರ್ ಬೇಗ ಸೋರುವುದು ಇದೇ ಕಾರಣಕ್ಕೆ. ಕಪ್ಪನ್ನು ಬಾಲಿನ ನೇರಕ್ಕಿಟ್ಟು ಅಂಗೈಯಿಂದ ಒತ್ತಿದರೆ ಕಟ್ ಎಂದು ಕೂರುತ್ತದೆ. ಸುತ್ತಿಗೆ ಬೇಡ. ಕೂತ ಮೇಲೆ ಒಮ್ಮೆ ಜಗ್ಗಿ ನೋಡಿ.

ಊರುಗೋಲು ತೆಗೆದು, ಬಾಗಿಲು ಮುಚ್ಚುವ ಮೊದಲು ಸರಳಿಗೆ ಒಂದು ತೆಳು ರಬ್ಬರ್ ಬ್ಯಾಂಡ್ ಸುತ್ತಿ ಕೊಳವೆಯ ಬಾಯಿಗೆ ತಾಗಿಸಿಡಿ. ಮೊದಲ ಸಲ ತುಂಬ ನಿಧಾನವಾಗಿ ಮುಚ್ಚಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ತಂದಿರುವ ಶಾಕರ್ ಉದ್ದವಾಯಿತು. ಮುಚ್ಚಿ ಮತ್ತೆ ತೆರೆದಾಗ ಬ್ಯಾಂಡ್ ಸರಳಿನ ಮೇಲೆ ಎಷ್ಟು ದೂರ ಸರಿದಿದೆಯೋ, ಅಷ್ಟು ಸರಳು ಒಳಹೋಗಿದೆ. ಅದು ಶಾಕರಿನ ಒಟ್ಟು ಓಟಕ್ಕಿಂತ, ಅಂದರೆ ಸರಳು ಒಳಹೋಗಬಲ್ಲ ಪೂರ್ತಿ ದೂರಕ್ಕಿಂತ, ಸುಮಾರು 10 ಮಿ.ಮೀ. ಕಡಿಮೆ ಇರಬೇಕು. ಪೂರ್ತಿ ಓಟ ಮುಗಿದಿದ್ದರೆ, ಪ್ರತಿ ಸಲ ಬಾಗಿಲು ಬಡಿದಾಗಲೂ ಬ್ರಾಕೆಟ್ಟು ಏಟು ತಿನ್ನುತ್ತದೆ. ನೋಡಿದ ಮೇಲೆ ಬ್ಯಾಂಡ್ ಕತ್ತರಿಸಿ ತೆಗೆಯಿರಿ.

ಗಾಜಿನ ಬಾಗಿಲಿಗೆ ಇಷ್ಟು ಹೆಚ್ಚುವರಿ ಎಚ್ಚರಿಕೆ: ಸ್ಟಡ್ ಗಾಜಿನ ತೂತಿನ ಮೂಲಕ ಹಾದಿದ್ದರೆ ಎರಡೂ ಕಡೆಯ ಪ್ಲಾಸ್ಟಿಕ್ ಅಥವಾ ರಬ್ಬರ್ ವಾಷರ್ ತಪ್ಪದೇ ಹಾಕಿ. ಕೈಯಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು ಸಾಕು. ಲೋಹ ನೇರ ಗಾಜಿಗೆ ತಾಗಿದರೆ ಇಡೀ ಗಾಜು ಪುಡಿಯಾಗುತ್ತದೆ.

ಪಕ್ಕಕ್ಕೆ ತೆರೆಯುವ ಬಾಗಿಲು

ಇಲ್ಲಿ ತೂಕ ಹೊರುವುದು ಹಿಂಜುಗಳು. ಶಾಕರ್ ಇದ್ದರೆ ಅದು ಬಾಗಿಲನ್ನು ತೆರೆದಲ್ಲೇ ನಿಲ್ಲಿಸುತ್ತದೆ, ಅತಿಯಾಗಿ ತೆರೆಯದಂತೆ ತಡೆಯುತ್ತದೆ. ಕೆಲವದರಲ್ಲಿ ಬರೀ ಚೆಕ್ ಲಿಂಕ್ (ಬಾಗಿಲು ಎಷ್ಟು ತೆರೆಯಬೇಕೆಂದು ತಡೆಹಿಡಿಯುವ ಪಟ್ಟಿ) ಇರುತ್ತದೆ. ಬಾಗಿಲು ಇಳಿಜಾರಿನಲ್ಲಿ ತಾನೇ ಮುಚ್ಚಿಕೊಂಡರೆ ಶಾಕರ್ ಬದಲಿಸುವ ಮೊದಲು, ಅರ್ಧ ತೆರೆದು ತುದಿಯನ್ನು ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಕಟಕಟ ಅಲುಗಿದರೆ ಹಿಂಜ್ ಪಿನ್ ಸವೆದಿದೆ, ಹೊಸ ಶಾಕರ್ ಹಾಕಿ ಪ್ರಯೋಜನವಿಲ್ಲ. ಕಂಪನಿಯದಕ್ಕಿಂತ ದೊಡ್ಡ ಟೈರನ್ನು ಸ್ಟೆಪ್ನಿಯಾಗಿ ನೇತುಹಾಕಿದ ಗಾಡಿಗಳಲ್ಲಿ ಇದು ಮೊದಲು ನೋಡಬೇಕಾದ ಜಾಗ.

ಕಾಡಿನ ನಡುವೆ ಕೈಕೊಟ್ಟರೆ

ಅರ್ಧ ಇಂಚಿನ ಸಿಪಿವಿಸಿ ಪೈಪಿನ ತುಂಡೊಂದನ್ನು ಗಾಡಿಯಲ್ಲಿ ಇಟ್ಟುಕೊಂಡಿರಿ. ಬಾಗಿಲು ಪೂರ್ತಿ ತೆರೆದಾಗ ಹೊರಗೆ ಕಾಣುವ ಸರಳು ಎಷ್ಟು ಉದ್ದವೋ ಅಷ್ಟಕ್ಕೇ ಕತ್ತರಿಸಿ, ಉದ್ದಕ್ಕೂ ಸರಳು ತೂರುವಷ್ಟು ಅಗಲದ ಪಟ್ಟಿ ತೆಗೆಯಿರಿ. ಸರಳಿನ ಮೇಲೆ ಸಿಕ್ಕಿಸಿ ವೆಲ್ಕ್ರೋ ಪಟ್ಟಿ ಸುತ್ತಿದರೆ ಶಾಕರ್ ಕುಗ್ಗಲಾರದು. ಎರಡೂ ಕಡೆ ಹಾಕಿ. ಇದಕ್ಕೊಂದು ಕೆಂಪು ರಿಬ್ಬನ್ ಕಟ್ಟಿರಿ. ತೆಗೆಯದೆ ಮುಚ್ಚಿದರೆ ಬ್ರಾಕೆಟ್ ಮುರಿಯುತ್ತದೆ. ಬಾಗಿಲನ್ನು ಹೆಗಲಿನಲ್ಲಿ ಹೊತ್ತು, ಮಕ್ಕಳಿಂದ ಸಾಮಾನು ತೆಗೆಸುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಕೆಸರು ಮೆತ್ತಿದ ಗಾಡಿ ತೊಳೆಯುವಾಗ ಪ್ರೆಷರ್ ವಾಷರ್ ನೀರನ್ನು ಸೀಲಿನ ಬಾಯಿಗೆ ನೇರ ಹೊಡೆಯಬೇಡಿ. ಮೊದಲು ಬರೀ ನೀರು ಹರಿಸಿ ಮಣ್ಣು ಇಳಿಸಿ, ಆಮೇಲೆ ಬಾಗಿಲು ಮುಚ್ಚಿ. ಸರಳಿಗೆ ಗ್ರೀಸ್, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಜಿಡ್ಡಿಗೆ ಧೂಳು ಅಂಟಿ, ಆ ಧೂಳೇ ಸೀಲನ್ನು ಕೊರೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗಾಡಿಗೆ ಪೇಂಟ್ ಮಾಡಿಸುವಾಗ ಸರಳಿಗೆ ಕಾಗದ ಸುತ್ತಿಸಿ.

ಹಳೆಯ ಶಾಕರಿಗೆ ತೂತು ಕೊರೆದು ಗ್ಯಾಸ್ ತುಂಬಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಸವೆದ ಸೀಲ್ ಹಾಗೆಯೇ ಉಳಿಯುತ್ತದೆ, ಕೊರೆಯುವ ಹೊತ್ತಿನಲ್ಲಿ ಒಳಗೆ ಉಳಿದ ಒತ್ತಡ ಎಣ್ಣೆಯನ್ನೂ ಲೋಹದ ಪುಡಿಯನ್ನೂ ಕಣ್ಣಿಗೆ ಎರಚಬಹುದು. ಬಾಗಿಲು ಎತ್ತಲಾರದ ಶಾಕರಿನೊಳಗೂ ಹತ್ತಾರು ಬಾರ್ ಒತ್ತಡ ಉಳಿದಿರುತ್ತದೆ. ಅದನ್ನು ಕಸದ ಬೆಂಕಿಗೆ ಎಸೆಯಬೇಡಿ, ಮನೆಯಲ್ಲಿ ಕೊಯ್ಯಬೇಡಿ. ಹೊಸದನ್ನು ಕೊಂಡ ಸರ್ವಿಸ್ ಸೆಂಟರಿಗೇ ಕೊಡಿ. ಗುಜರಿಗೆ ಹಾಕುವುದಾದರೆ, ಒಳಗೆ ಗ್ಯಾಸ್ ಇದೆ ಎಂದು ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿಯೇ ಕೊಡಿ.