ಹಾಸನದಲ್ಲಿ ಡಿಗ್ರಿ ಓದ್ತಾನೇ ಲಾ ಕೋರ್ಸ್‌ಗೆ ರೆಡಿಯಾಗೋದು ಹೇಗೆ?

ಬಿಎ, ಬಿಕಾಂ, ಬಿಎಸ್ಸಿ ಯಾವುದಾದ್ರೂ ಸರಿ, ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಸೇರಬಹುದು. ಮಾರ್ಕ್ಸ್ ಮಾತ್ರ ಬಿಡಬೇಡಿ, ಬಾರ್ ಕೌನ್ಸಿಲ್ ರೂಲ್ ಪ್ರಕಾರ ಜನರಲ್‌ನವರಿಗೆ ಕನಿಷ್ಠ 45%, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40 ಬೇಕು.

ಮೊದಲ ಕೆಲಸ, ಎರಡೂ ಭಾಷೆ ಗಟ್ಟಿ ಮಾಡ್ಕೊಳ್ಳಿ. ಅರಸೀಕೆರೆ, ಬೇಲೂರು ಕೋರ್ಟಲ್ಲಿ ಕಕ್ಷಿದಾರರು, ಸಾಕ್ಷಿಗಳು ಮಾತಾಡೋದು ಕನ್ನಡ, ಹೈಕೋರ್ಟಿಗೆ ಹೋದ್ರೆ ಇಂಗ್ಲಿಷ್, ಎರಡರಲ್ಲಿ ಒಂದು ಕುಂಟಿದ್ರೂ ವಕೀಲಿಕೆ ಕಷ್ಟ. ಸಂವಿಧಾನ ತಗೊಂಡು ಮೂಲಭೂತ ಹಕ್ಕುಗಳಿರೋ 12ರಿಂದ 35ನೇ ವಿಧಿ ತನಕ ದಿನಾ ಒಂದೊಂದು ಎರಡೂ ಭಾಷೇಲಿ ಓದಿ, ಆಮೇಲೆ ಪುಸ್ತಕ ಮುಚ್ಚಿ ನಿಮ್ಮದೇ ಮಾತಲ್ಲಿ ಅರ್ಧ ಪುಟ ಬರೀರಿ. ಬೋರ್ ಅನ್ಸುತ್ತೆ, ಆದ್ರೂ ಬಿಡಬೇಡಿ.

ಎರಡನೇದು, ನನ್ ಪ್ರಕಾರ ಇದೇ ಮುಖ್ಯ, ಕೋರ್ಟಿಗೆ ಹೋಗಿ ಕೂತ್ಕೊಳ್ಳಿ. ಸಾಮಾನ್ಯವಾಗಿ ಕೋರ್ಟ್ ಹಾಲ್ ಎಲ್ರಿಗೂ ತೆರೆದಿರುತ್ತೆ, ಕ್ಲಾಸ್ ಇಲ್ಲದ ದಿನ ಹಾಸನದ ಜಿಲ್ಲಾ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಫೋನ್ ಆಫ್ ಮಾಡ್ಕೊಂಡು ಕೂತು ಒಂದು ಪಾಟೀಸವಾಲು (ಎದುರು ಪಕ್ಷದ ಸಾಕ್ಷಿನ ವಕೀಲರು ಪ್ರಶ್ನೆ ಮಾಡೋದು) ಪೂರ್ತಿ ಕೇಳಿ, ವಕೀಲರು ಯಾವ ಪ್ರಶ್ನೆ ಯಾಕೆ ಕೇಳಿದ್ರು ಅಂತ ಮನೆಗೆ ಬಂದು ಬರೆದಿಡಿ.

ನಮ್ಮ ಕಡೆ ಜಮೀನು ವ್ಯಾಜ್ಯ, ಪಾಲು ವಿಭಾಗದ ದಾವೆ ಜಾಸ್ತಿ ಕಣ್ಣಿಗೆ ಬೀಳುತ್ತೆ. ಹಾಗಾಗಿ ನಿಮ್ಮನೆ ಪಹಣಿನೇ ತೆಗೆದು ಓದಿ, ಸರ್ವೆ ನಂಬರ್, ವಿಸ್ತೀರ್ಣ ಎಲ್ಲಿದೆ, 9ನೇ ಕಾಲಂನಲ್ಲಿ ಯಾರ ಹೆಸರು, 11ರಲ್ಲಿ ಸಾಲ ಇದ್ಯಾ ನೋಡಿ. ಅಜ್ಜನ ಹೆಸರಲ್ಲೇ ಉಳಿದಿದ್ರೆ ಯಾರ್ಯಾರಿಗೆ ಪಾಲು ಬರುತ್ತೆ ಅಂತ ವಂಶವೃಕ್ಷ ಬರೀರಿ, ಹೆಣ್ಮಕ್ಕಳನ್ನ ಬಿಡಬೇಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಸೀನಿಯರ್‌ಗಳ ಹಳೇ ಪುಸ್ತಕ ತಗೊಳ್ಳೋರು ಹುಷಾರು! 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳೋ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕ್ರಿಮಿನಲ್ ಕೇಸ್ ನಡೆಸೋ ವಿಧಾನದ ಸಿಆರ್‌ಪಿಸಿ, ಸಾಕ್ಷ್ಯದ ಎವಿಡೆನ್ಸ್ ಆಕ್ಟ್ ಕೂಡ ಬದಲಾಗಿವೆ, ಸೆಕ್ಷನ್ ನಂಬರೇ ಬೇರೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಲ್ಲೂ ಈಗ ಮೂರು ವರ್ಷದ ಕೋರ್ಸ್ ಇದೆ, ಅದಕ್ಕೆ ಎನ್‌ಎಲ್‌ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಬರವಣಿಗೆ ಭಾಗಾನೂ ಇರುತ್ತೆ, ಆ ಅರ್ಧ ಪುಟದ ಅಭ್ಯಾಸ ಅಲ್ಲಿ ಕೈ ಹಿಡಿಯುತ್ತೆ. ಮುಂದೆ ಜಡ್ಜ್ ಆಗ್ಬೇಕು ಅನ್ನೋರು ಒಂದು ತಿಳ್ಕೊಳ್ಳಿ, 2025ರ ಮೇನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ಪ್ರಾಕ್ಟೀಸ್ ಬೇಕು, ಅಷ್ಟು ವರ್ಷದ ಖರ್ಚಿನ ಲೆಕ್ಕ ಮನೇಲಿ ಈಗಲೇ ಮಾತಾಡಿ.

ಕೊನೇ ಸೆಮಿಸ್ಟರ್ ಮುಗಿಯೋ ಮೊದಲೇ ನಾಡಕಚೇರಿಲಿ ಜಾತಿ, ಆದಾಯ ಸರ್ಟಿಫಿಕೇಟ್ ಮಾಡಿಸಿಡಿ, ಅಡ್ಮಿಷನ್ ಟೈಮಲ್ಲಿ ಓಡಾಡೋಕೆ ಆಗಲ್ಲ.