ಎದೆ ಹೊಡೆದುಕೊಳ್ಳುವಾಗ ಸ್ಥಿಮಿತ ಕಾಯ್ದುಕೊಳ್ಳುವುದು ಹೇಗೆ?

ಸಂದರ್ಶನದ ಕೊಠಡಿಯ ಹೊರಗೆ, ವೇದಿಕೆಯ ಪಕ್ಕದಲ್ಲಿ, ಮೌಖಿಕ ಪರೀಕ್ಷೆಯ ಸರದಿಯಲ್ಲಿ ಕಾದು ನಿಂತವರನ್ನು ಗಮನಿಸಿದರೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಿರುತ್ತಾರೆ: ಎದೆಯುಬ್ಬಿಸಿ ದೊಡ್ಡ ದೊಡ್ಡ ಉಸಿರು ಎಳೆದುಕೊಳ್ಳುತ್ತಾರೆ, ಜೊತೆಗೆ ‘ಹೆದರಬಾರದು, ಹೆದರಬಾರದು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಇವೆರಡರಿಂದ ಆಗುವ ಸಹಾಯಕ್ಕಿಂತ ತೊಂದರೆಯೇ ಹೆಚ್ಚು. ತಿಂಗಳುಗಟ್ಟಲೆ ತಯಾರಿ ನಡೆಸಿದವರು ಕೂಡ ಬಾಗಿಲು ದಾಟುವ ಮುಂಚಿನ ಒಂದೆರಡು ನಿಮಿಷಗಳಲ್ಲಿ ಕಂಗೆಡುವುದನ್ನು ನೋಡುತ್ತಲೇ ಬಂದಿರುವುದರಿಂದ, ಆ ನಿಮಿಷಗಳನ್ನು ಹೇಗೆ ಕಳೆಯಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತಿದ್ದೇನೆ.

ಮೊದಲು ದೇಹದಲ್ಲಿ ಏನಾಗುತ್ತದೆ ಎಂಬುದು ತಿಳಿದಿರಬೇಕು. ಮಿದುಳು ಅಪಾಯವನ್ನು ಊಹಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತ ದೊಡ್ಡ ಸ್ನಾಯುಗಳತ್ತ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗಿ ಅಂಗೈ ಬೆವರುತ್ತದೆ. ‘ಹೋರಾಡು ಇಲ್ಲವೇ ಓಡು’ ಎಂಬ ಈ ಪ್ರತಿಕ್ರಿಯೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಇದು ರೋಗವೂ ಅಲ್ಲ, ದೌರ್ಬಲ್ಯದ ಗುರುತೂ ಅಲ್ಲ. ಆದ್ದರಿಂದ ನಡುಕವನ್ನು ಪೂರ್ತಿ ಅಳಿಸಿಹಾಕುವ ಗುರಿ ಇಟ್ಟುಕೊಳ್ಳಬೇಡಿ. ನಡುಕವಿದ್ದೂ ಕೆಲಸ ಕೆಡದಂತೆ ನೋಡಿಕೊಂಡರೆ ಸಾಕು.

ಹಂತ 1: ಒತ್ತಡದಲ್ಲೇ ಅಭ್ಯಾಸ ಮಾಡಿ

ಬಾಗಿಲು ಮುಚ್ಚಿಕೊಂಡು ಒಬ್ಬರೇ ಕುಳಿತು ಮನಸ್ಸಿನಲ್ಲೇ ಓದಿಕೊಂಡ ವಿಷಯ ಹತ್ತು ಜನರ ಎದುರು ನಿಂತಾಗ ಅದೇ ಸಲೀಸಿನಲ್ಲಿ ಬರುವುದಿಲ್ಲ. ನಿಂತುಕೊಂಡು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು, ನಡುವೆ ಪ್ರಶ್ನೆ ಕೇಳುವ ಒಬ್ಬರನ್ನಾದರೂ ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಬೇಕು. ಮೊದಲ ಎರಡು ವಾಕ್ಯಗಳನ್ನು ಮಾತ್ರ ಕಂಠಪಾಠ ಮಾಡಿ. ಉಳಿದದ್ದಕ್ಕೆ ಅಂಶಗಳಷ್ಟೇ ನೆನಪಿರಲಿ, ಏಕೆಂದರೆ ಇಡೀ ಭಾಷಣವನ್ನು ಅಕ್ಷರಶಃ ಬಾಯಿಪಾಠ ಮಾಡಿದವರು ಒಂದು ಪದ ಮರೆತರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಂತ 2: ಹಿಂದಿನ ರಾತ್ರಿ ಮತ್ತು ಆ ದಿನ

ನಿದ್ದೆ ಮಾಡಿ, ಹಗುರವಾಗಿ ತಿನ್ನಿ, ಬೇಗ ಹೊರಡಿ, ರೂಢಿಗಿಂತ ಹೆಚ್ಚು ಕಾಫಿ ಕುಡಿಯಬೇಡಿ.

ಇಲ್ಲಿ ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಸಲೇಬೇಕು. ಮೊದಲನೆಯದು ಮಾತ್ರೆ. ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಔಷಧಗಳು ಕೈನಡುಕವನ್ನು ತಗ್ಗಿಸುತ್ತವೆ ಎಂಬುದು ನಿಜ. ಆ ಕಾರಣಕ್ಕೇ ಶೂಟಿಂಗ್ ಸ್ಪರ್ಧೆಗಳಲ್ಲಿ ಅವು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಪ್ರೊಪ್ರನಲಾಲ್ ಸೇವಿಸಿದ್ದು ಪತ್ತೆಯಾಗಿ, ಗೆದ್ದಿದ್ದ ಎರಡು ಪದಕಗಳನ್ನು ಕಳೆದುಕೊಂಡರು. ಆದರೆ ಇವು ಹೃದಯದ ಬಡಿತವನ್ನೇ ನಿಧಾನಗೊಳಿಸುವ ಔಷಧಗಳು, ಅಸ್ತಮಾ ಇರುವವರಿಗೆ ಅಪಾಯಕಾರಿ. ಸ್ನೇಹಿತರು ಕೊಟ್ಟರೆಂದು, ವೈದ್ಯರನ್ನು ಕೇಳದೆ ಎಂದಿಗೂ ನುಂಗಬೇಡಿ. ಎರಡನೆಯದು, ಸೊಂಟದ ಮೇಲೆ ಕೈಯಿಟ್ಟು ಎದೆಯೆತ್ತಿ ಎರಡು ನಿಮಿಷ ನಿಂತರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆ ಎಂಬ ಉಪದೇಶ. 2010ರ ಒಂದು ಅಧ್ಯಯನದಿಂದ ಹುಟ್ಟಿಕೊಂಡ ಈ ಮಾತು ಆಮೇಲಿನ ದೊಡ್ಡ ಪ್ರಯೋಗದಲ್ಲಿ ನಿಲ್ಲಲಿಲ್ಲ, ಮೂಲ ಸಂಶೋಧಕರಲ್ಲೊಬ್ಬರು 2016ರಲ್ಲಿ ಆ ಪರಿಣಾಮದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ಆದರೂ ತರಬೇತಿ ಶಿಬಿರಗಳಲ್ಲಿ ಅದನ್ನು ಇಂದಿಗೂ ಹಣ ಪಡೆದು ಕಲಿಸುತ್ತಿರುವುದು ಬೇಸರದ ಸಂಗತಿ.

ಹಂತ 3: ಉಸಿರನ್ನು ಬಿಡುವುದರಿಂದ ಆರಂಭಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂಬ ಸಲಹೆಯನ್ನು ಅವಸರದಲ್ಲಿ ಪಾಲಿಸುವವರು ಒಂದರ ಹಿಂದೆ ಒಂದು ದೊಡ್ಡ ಉಸಿರು ತೆಗೆಯುತ್ತಾರೆ. ಇದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಕುಸಿದು, ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಗುಟ್ಟುತ್ತದೆ, ಎದೆ ಬಿಗಿದಂತಾಗುತ್ತದೆ. ಭಯವೇ ಹೆಚ್ಚಿತೆಂದು ಭಾವಿಸಿ ಅವರು ಮತ್ತಷ್ಟು ಗಾಳಿ ಎಳೆಯುತ್ತಾರೆ, ಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ವಾಸ್ತವದಲ್ಲಿ ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಏರುತ್ತದೆ, ಹೊರಬರುವಾಗ, ಮಿದುಳಿನಿಂದ ಹೃದಯಕ್ಕೆ ಹೋಗಿ ಬಡಿತವನ್ನು ತಗ್ಗಿಸುವ ವೇಗಸ್ ನರದ ಪ್ರಭಾವದಿಂದ ಇಳಿಯುತ್ತದೆ. ನಮಗೆ ಬೇಕಾದ ಶಾಂತಿ ಇರುವುದು ಹೊರಹೋಗುವ ಉಸಿರಿನಲ್ಲಿ, ಆದ್ದರಿಂದ ಅದನ್ನೇ ಉದ್ದಮಾಡಬೇಕು.

ಎರಡೂ ಪಾದಗಳನ್ನು ನೆಲಕ್ಕೆ ಪೂರ್ತಿ ಊರಿ. ಕಚ್ಚಿಕೊಂಡಿರುವ ಹಲ್ಲುಗಳನ್ನು ಬಿಡಿಸಿ ದವಡೆಯನ್ನು ಸಡಿಲಿಸಿ, ಹೆಗಲನ್ನು ಕೆಳಗಿಳಿಸಿ. ಮೊದಲು ಒಳಗಿರುವ ಗಾಳಿಯನ್ನು ನಿಧಾನವಾಗಿ ಹೊರಬಿಡಿ, ಎಳೆದುಕೊಳ್ಳುವುದರಿಂದ ಆರಂಭಿಸಲೇಬೇಡಿ. ಬಳಿಕ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಸದ್ದಿಲ್ಲದೆ ಉಸಿರೆಳೆದುಕೊಳ್ಳಿ. ಎದೆ ಬಿರಿಯುವಷ್ಟು ಬೇಡ, ಮುಕ್ಕಾಲು ಭಾಗ ತುಂಬಿದರೆ ಸಾಕು, ಮತ್ತು ಮೇಲೇಳಬೇಕಾದದ್ದು ಹೊಟ್ಟೆಯೇ ಹೊರತು ಹೆಗಲಲ್ಲ. ನಡುವೆ ಉಸಿರು ಹಿಡಿಯದೆ, ತುಟಿಗಳನ್ನು ತುಸುವೇ ತೆರೆದು, ಆರು ಎಣಿಸುವಷ್ಟು ಹೊತ್ತು ಹೊರಬಿಡಿ. ಆರು ಸಲೀಸಾದ ಮೇಲೆ ಎಂಟಕ್ಕೆ ಹೋಗಬಹುದು, ಉಸಿರು ಸಾಲದೆ ಒದ್ದಾಡುವಂತಾದರೆ ಐದಕ್ಕೆ ಇಳಿಯಬಹುದು. ಬಿಡುವ ಹೊತ್ತು ಎಳೆಯುವ ಹೊತ್ತಿಗಿಂತ ಉದ್ದವಾಗಿರಬೇಕು ಎಂಬುದಷ್ಟೇ ಮುಖ್ಯ. ಹೀಗೆ ಹತ್ತು ಬಾರಿ ಮಾಡಲು ಎರಡು ನಿಮಿಷವೂ ಬೇಕಿಲ್ಲ.

ಇದರಲ್ಲೂ ಜನ ಗಮನಿಸದ ಒಂದು ತೊಡಕಿದೆ. ಎದೆ ವೇಗವಾಗಿ ಬಡಿಯುವಾಗ ಎಣಿಕೆಯೂ ಅದರ ಜೊತೆಗೇ ಓಡತೊಡಗುತ್ತದೆ, ಆರು ಎಣಿಸಿದೆವೆಂದು ಅಂದುಕೊಂಡಾಗ ಮೂರೇ ಸೆಕೆಂಡು ಕಳೆದಿರುತ್ತದೆ. ಆದ್ದರಿಂದ ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಎಣಿಸಿ. ಉಸಿರಾಟ ಕಲಿಸುವ ಆ್ಯಪ್‌ಗಳನ್ನು ಆ ಹೊತ್ತಿನಲ್ಲಿ ಬಳಸುವುದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ: ಅದಕ್ಕಾಗಿ ಫೋನ್ ತೆಗೆದವರ ಕಣ್ಣಿಗೆ ಮೊದಲು ಬೀಳುವುದು ಯಾರದೋ ಸಂದೇಶ. ತಲೆ ಸುತ್ತಿದಂತಾದರೆ ನಿಲ್ಲಿಸಿ, ಮಾಮೂಲಿನಂತೆ ಉಸಿರಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಯಾವ ಒತ್ತಡವೂ ಇಲ್ಲದ ದಿನಗಳಲ್ಲಿ ರೂಢಿಸಿಕೊಳ್ಳಬೇಕು, ಪರೀಕ್ಷೆಯ ದಿನವೇ ಮೊದಲ ಬಾರಿ ಪ್ರಯತ್ನಿಸಿದರೆ ಎಣಿಕೆಯ ಚಿಂತೆಯೇ ಇನ್ನೊಂದು ಹೊರೆಯಾಗುತ್ತದೆ.

ಎರಡು ನಿಮಿಷವೂ ಸಿಗದಿದ್ದಾಗ ಮೂಗಿನಿಂದ ಒಮ್ಮೆ ಉಸಿರೆಳೆದು, ಅದರ ಮೇಲೆಯೇ ಇನ್ನೊಂದು ಚಿಕ್ಕ ಉಸಿರು ಸೇರಿಸಿ, ಬಾಯಿಯಿಂದ ನಿಧಾನವಾಗಿ ಪೂರ್ತಿ ಬಿಟ್ಟುಬಿಡಿ. ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಇದನ್ನು ಮಾಡಿದವರ ಮನಃಸ್ಥಿತಿ ಸುಧಾರಿಸಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ವರದಿ ಮಾಡಿದ್ದಾರೆ. ಬಾಗಿಲು ತೆರೆಯುವ ಮುನ್ನ ಒಂದೆರಡು ಬಾರಿ ಮಾಡಲು ಇದು ಸೂಕ್ತ.

ಹಂತ 4: ‘ಶಾಂತವಾಗಿರು’ ಎನ್ನಬೇಡಿ

ಓಡುತ್ತಿರುವ ಎದೆಗೆ ‘ನಿಲ್ಲು’ ಎಂದರೆ ಅದು ನಿಲ್ಲುವುದಿಲ್ಲ, ನಿಲ್ಲಲಿಲ್ಲವಲ್ಲ ಎಂಬ ಹೊಸ ಚಿಂತೆ ಮಾತ್ರ ಸೇರಿಕೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ ‘ನಾನು ಉತ್ಸುಕನಾಗಿದ್ದೇನೆ’ ಎಂದುಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ಚೆನ್ನಾಗಿ ಮಾತನಾಡಿದರು. ಉತ್ಸಾಹದಲ್ಲೂ ಆತಂಕದಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ರೀತಿ, ಬದಲಾಗುವುದು ನಾವು ಅದಕ್ಕೆ ಕೊಡುವ ಅರ್ಥ. ‘ದೇಹ ತಯಾರಾಗುತ್ತಿದೆ’ ಎಂದು ಹೇಳಿಕೊಳ್ಳಿ. ಅದು ಸತ್ಯವೂ ಹೌದು.

ಹಂತ 5: ಆರಂಭ

ಒಳಗೆ ಹೋಗಿ, ನಿಂತು, ಎದುರಿಗಿರುವವರನ್ನು ನೋಡಿ, ಕಂಠಪಾಠವಾದ ಎರಡು ವಾಕ್ಯಗಳನ್ನು ನಿಮಗೇ ನಿಧಾನವೆನಿಸುವಷ್ಟು ನಿಧಾನವಾಗಿ ಹೇಳಿ.

ಹಂತ 6: ನಡುವೆ ತಪ್ಪಿದರೆ

ಉತ್ತರ ಮರೆತುಹೋದಾಗ ಏನು ಮಾಡಬೇಕೆಂದು ಆ ಕ್ಷಣದಲ್ಲಿ ಯೋಚಿಸುವುದು ಕಷ್ಟ, ಹಾಗಾಗಿ ಮೊದಲೇ ನಿರ್ಧರಿಸಿರಬೇಕು. ವಿಮಾನ ಚಾಲಕರಿಗೆ ಕಲಿಸುವ ಕ್ರಮ ಇದೇ: ಮೊದಲು ವಿಮಾನವನ್ನು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತನಾಡು. 2009ರ ಜನವರಿ 15ರಂದು ನ್ಯೂಯಾರ್ಕ್‌ನಿಂದ ಮೇಲೇರಿದ ವಿಮಾನಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್‌ಗಳ ಶಕ್ತಿ ಉಡುಗಿದಾಗ, ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಚಾಲನೆಯನ್ನು ತಮ್ಮ ಕೈಗೆ ತೆಗೆದುಕೊಂಡರು, ಸಹಚಾಲಕ ಜೆಫ್ರಿ ಸ್ಕೈಲ್ಸ್ ಎಂಜಿನ್ ಮರುಚಾಲನೆಯ ಪಟ್ಟಿಯನ್ನು ಕೈಗೆತ್ತಿಕೊಂಡರು. ಸುಮಾರು ಮೂರೂವರೆ ನಿಮಿಷದೊಳಗೆ ವಿಮಾನ ಹಡ್ಸನ್ ನದಿಯ ಮೇಲೆ ಇಳಿಯಿತು, 155 ಜನರೂ ಬದುಕುಳಿದರು. ಯಾರು ಯಾವ ಕೆಲಸ ಮಾಡಬೇಕೆಂದು ಅಲ್ಲಿ ಚರ್ಚಿಸುತ್ತ ಕೂರಬೇಕಾಗಿ ಬರಲಿಲ್ಲ.

ನಿಮ್ಮ ಕ್ರಮ ಇಷ್ಟಿರಲಿ: ಮಾತು ನಿಲ್ಲಿಸಿ ಒಮ್ಮೆ ಉಸಿರು ಬಿಡಿ; ಪ್ರಶ್ನೆಯನ್ನು ಇನ್ನೊಮ್ಮೆ ಹೇಳುವಂತೆ ವಿನಂತಿಸಿ; ಗೊತ್ತಿರುವ ಭಾಗದಿಂದ ಉತ್ತರ ಆರಂಭಿಸಿ. ಏನೂ ಗೊತ್ತಿಲ್ಲದಿದ್ದರೆ ‘ಇದು ನನಗೆ ತಿಳಿದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಉದ್ದನೆಯ ಕ್ಷಮಾಪಣೆಗೆ ಇಳಿಯಬೇಡಿ. ನಿಮಗೆ ಯುಗದಂತೆ ಕಾಣುವ ಮೌನ ಕೇಳುವವರಿಗೆ ಯೋಚನೆಯ ವಿರಾಮವಾಗಿಯೇ ಕಾಣುತ್ತದೆ. ಕೈ ಹೇಗಿದೆ, ಧ್ವನಿ ನಡುಗುತ್ತಿದೆಯೇ ಎಂದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲೂ ಹೋಗಬೇಡಿ. ಚೆನ್ನಾಗಿ ಪಳಗಿದ ಕೆಲಸವನ್ನು ಮಾಡುತ್ತಿರುವಾಗ ಅದರ ಒಂದೊಂದು ಚಲನೆಯನ್ನೂ ಗಮನಿಸತೊಡಗಿದರೆ ಅದು ಕೆಡುತ್ತದೆ. ಗಮನ ಎದುರಿನವರು ಕೇಳಿದ್ದರ ಮೇಲಿರಲಿ.

ಹಂತ 7: ಮುಗಿದ ಮೇಲೆ

ಅದೇ ದಿನ, ಯಾವ ಪ್ರಶ್ನೆಗೆ ಅಥವಾ ಯಾವ ಮಾತಿಗೆ ಉಸಿರು ಕಟ್ಟಿತೆಂಬುದನ್ನು ಬರೆದಿಡಿ. ಮುಂದಿನ ಅಭ್ಯಾಸದಲ್ಲಿ ಎದುರಿಗೆ ಕೂರುವವರ ಕೈಗೆ ಆ ಹಾಳೆಯನ್ನು ಕೊಟ್ಟು, ಮೊದಲು ಅದನ್ನೇ ಕೇಳುವಂತೆ ಹೇಳಿ.